ಒಡೆದದ್ದು 41

ಬಣಕಲ್ ಹತ್ತಿರದ ನಮ್ಮ ಹಳೇ ಮನೆಯ ಸೂರು ಇಳಿಸುವಾಗ ಅಟ್ಟದ ಮೇಲೆ ಅಪ್ಪನ ಟ್ರಂಕು ಸಿಕ್ಕಿತು. ಒಳಗೆ ತಂತಿಗೆ ಚುಚ್ಚಿಟ್ಟ ಕಾಗದಗಳ ದಪ್ಪನೆಯ ಕಂತೆ. ಕಂದಾಯದ ರಸೀದಿ, ಗೊಬ್ಬರದ ಬಿಲ್ಲು, ಯಾರದೋ ಮದುವೆಯ ಕರೆಯೋಲೆ. ಅವುಗಳ ನಡುವೆ, ಮುಟ್ಟಿದರೆ ಪುಡಿಯಾಗುವಂಥ ಒಂದು ಹಳದಿ ಹಾಳೆ. ಮಂಗಳೂರು ಬಂದರಿನ ಲಾರಿ ಆಫೀಸೊಂದರ ರಸೀದಿ ಅದು, 1963ರ ಏಪ್ರಿಲ್‌ನದು. ಮಾಲು: ಹೆಂಚು, 3000. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ದಾರಿಯಲ್ಲಿ ಒಡೆದದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ಅಚ್ಚಾದ ಸಾಲು.

ಹಾಳೆಯನ್ನು ಮಗುಚಿದೆ. ಬೆನ್ನಲ್ಲಿ ಪೆನ್ಸಿಲ್ಲಿನಿಂದ ಬರೆದ ಮೂರು ಸಾಲು. ಅಪ್ಪನ ಕೈಬರಹ ನನಗೆ ಗೊತ್ತು, ಇದು ಅವರದಲ್ಲ. ‘ಒಡೆದದ್ದು 41. ಘಟ್ಟದಲ್ಲಿ ಒಂದು ರಾತ್ರಿ ನಿಂತದ್ದು. ಬೈಹುಲ್ಲು ಮನೆಗೆ ಕೊಟ್ಟದ್ದು.’ ಅಡಿಯಲ್ಲಿ ಓದಲಾಗದ ಒಂದು ರುಜು.

ನಮ್ಮ ಕಡೆ ಭತ್ತದ ಹುಲ್ಲಿಗೆ ಬರೀ ಹುಲ್ಲು ಅನ್ನುತ್ತೇವೆ. ಬೈಹುಲ್ಲು ಘಟ್ಟದ ಕೆಳಗಿನ ಮಾತು. ಹಾಗಾಗಿ ಬರೆದವನು ಲಾರಿಯ ಡ್ರೈವರೇ ಎಂಬುದು ಆಗಲೇ ಖಾತ್ರಿಯಾಯಿತು. ಆದರೆ ಕಂಪನಿ ಹೊಣೆಯಲ್ಲ ಎಂದು ಅಚ್ಚು ಹಾಕಿದ ಹಾಳೆಯ ಬೆನ್ನಿಗೇ ಇಷ್ಟು ಒಡೆದಿದೆ ಎಂದು ಬರೆದುಕೊಟ್ಟು, ಆ ಮನುಷ್ಯ ತನ್ನ ಕಂಪನಿಯ ಮೇಲೇ ಸಾಕ್ಷಿ ನುಡಿದು ಹೋದದ್ದು ಯಾಕೆ? ಹುಲ್ಲಿನ ಲೆಕ್ಕ ಲಾರಿ ರಸೀದಿಯಲ್ಲಿ ಯಾಕೆ ಬಂತು? ಈ ಎರಡು ಪ್ರಶ್ನೆ ಬೆನ್ನು ಹತ್ತಿದ್ದರಿಂದಲೇ ಈ ಬರಹ.

ಮಂಗಳೂರು ಹೆಂಚು ಘಟ್ಟ ಹತ್ತಿದ ಕಥೆಗೆ ಮೊದಲ ತಾರೀಖು 1865. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಆಮೇಲೆ ಒಂದರ ಪಕ್ಕ ಒಂದು ಕಾರ್ಖಾನೆ ಎದ್ದವು. ಆವೆಮಣ್ಣೂ ಸೌದೆಯೂ ದೋಣಿಯಲ್ಲಿ ಬಾಗಿಲಿಗೇ ಬರುತ್ತಿದ್ದವು. ಒಂದರ ತುದಿ ಇನ್ನೊಂದರ ತೋಡಿಗೆ ಕಚ್ಚಿ ಕೂರುವ ಆ ಚಪ್ಪಟೆ ಹೆಂಚು ಬರುವ ಮೊದಲು ನಮ್ಮ ಮಲೆನಾಡಿನಲ್ಲಿ ಇದ್ದದ್ದು ಹುಲ್ಲಿನ ಮಾಡು; ಸ್ವಲ್ಪ ಅನುಕೂಲವಿದ್ದವರ ಮನೆಗೆ ಕುಂಬಾರರು ತಟ್ಟಿದ ನಾಡಹೆಂಚು. ನಾಡಹೆಂಚಿನ ಮೇಲೆ ಮಂಗ ಓಡಿದರೆ ಸಾಕು, ಮಳೆಗಾಲದ ಮುಂಚೆ ಇಡೀ ಸೂರಿಗೆ ಕೈಯಾಡಿಸಬೇಕು. ಮಂಗಳೂರು ಹೆಂಚು ಹೊದ್ದ ಮನೆಗೆ ಊರಲ್ಲಿ ಗತ್ತೇ ಬೇರೆ.

ಅದೇ 1865ರಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಕೆಲಸ ಮಾಡಿತು. ಬಾಡಿಗೆಗೆ ಸಾಮಾನು ಸಾಗಿಸುವವರಿಗೆಂದು ಕ್ಯಾರಿಯರ್ಸ್ ಆಕ್ಟ್ ಎಂಬ ಕಾನೂನು ತಂದಿತು. ಆಗ ಲಾರಿ ಎಲ್ಲಿತ್ತು? ಎತ್ತಿನ ಗಾಡಿ, ನದಿಯ ದೋಣಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕಾನೂನು ಅದು. ಬೆಲೆಬಾಳುವ ವಸ್ತುಗಳ ಪಟ್ಟಿಯೊಂದು ಅದರ ಕೊನೆಯಲ್ಲಿದೆ: ಚಿನ್ನ, ಬೆಳ್ಳಿ, ರೇಷ್ಮೆ, ಅಫೀಮು, ದಂತ ಮತ್ತು ಗಂಧದ ಕೆತ್ತನೆ. ಇಂಥದ್ದು 100 ರೂಪಾಯಿಗಿಂತ ಹೆಚ್ಚಿನದಾದರೆ ಮೊದಲೇ ಹೇಳಿ ಒಪ್ಪಿಸಬೇಕು. ಹೇಳದಿದ್ದರೆ ಕಳೆದುಹೋದರೂ ಕೇಳುವ ಹಾಗಿಲ್ಲ. ಹೆಂಚು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಸಾಮಾನಿನ ವಿಷಯದಲ್ಲಿ ಕಾನೂನು ಬಿಗಿ: ಸಾಗಿಸುವವನು ತನ್ನ ಹೊಣೆ ಕಡಿಮೆ ಮಾಡಿಕೊಳ್ಳಬೇಕಾದರೆ ಸಾಮಾನಿನ ಒಡೆಯ ರುಜು ಹಾಕಿದ ಒಪ್ಪಂದ ಬೇಕು. ಸುಮ್ಮನೆ ಅಚ್ಚು ಹಾಕಿಸಿದರೆ ಸಾಲದು. ಅಪ್ಪನ ರಸೀದಿಯ ಮೇಲೆ ಅಪ್ಪನ ರುಜು ಎಲ್ಲೂ ಇಲ್ಲ. ಅಂದರೆ 41 ಹೆಂಚಿನ ದುಡ್ಡನ್ನು ಅವರು ಗಟ್ಟಿಯಾಗಿ ಕೇಳಬಹುದಿತ್ತು, ಕೈಯಲ್ಲಿ ಡ್ರೈವರನ ಬರಹವೂ ಇತ್ತು. ಅವರು ಕೇಳಲಿಲ್ಲ. ಕೇಳಿದ್ದರೆ ಈ ಹಾಳೆ ನಮ್ಮ ತಂತಿಯಲ್ಲಿ ಉಳಿಯುತ್ತಿರಲಿಲ್ಲ. ಈ ಎತ್ತಿನ ಗಾಡಿಯ ಕಾನೂನೇ ನಮ್ಮ ದೇಶದ ಲಾರಿಗಳನ್ನೆಲ್ಲ ಆಳಿತು ಎಂಬುದು ನನಗೆ ಇವತ್ತಿಗೂ ಸೋಜಿಗ. ಇದರ ಜಾಗಕ್ಕೆ ಹೊಸ ಕಾಯ್ದೆ ಬರೆದದ್ದು 2007ರಲ್ಲಿ, ಅದು ಜಾರಿಗೆ ಬಂದದ್ದು 2011ರಲ್ಲಿ.

ರಸೀದಿ ಹಿಡಿದು ನಾನು ಘಟ್ಟ ಇಳಿದೆ. ಬಂದರಿನ ಆ ಆಫೀಸು ಈಗಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ, ಅದರ ಮಾಲೀಕರ ಮನೆಯವರು ಎಂದೋ ಬೇರೆ ವ್ಯಾಪಾರಕ್ಕೆ ಹೋದರು. ಲೆಡ್ಜರುಗಳು ಏನಾದವು ಎಂದು ಕೇಳಿದ್ದಕ್ಕೆ, ರದ್ದಿಗೆ ಹಾಕಿದೆವು ಎಂದರು. ಹೇಳುವಾಗ ಅವರ ಮುಖದಲ್ಲಿ ಯಾವ ಬೇಸರವೂ ಇರಲಿಲ್ಲ. ನನಗೆ ಮಾತ್ರ ಹೊಟ್ಟೆ ಉರಿಯಿತು. ಯಾವ ಊರಿಗೆ ಯಾವ ವರ್ಷ ಎಷ್ಟು ಹೆಂಚು ಹೋಯಿತು, ಯಾವ ಹಳ್ಳಿಯ ಹುಲ್ಲಿನ ಮಾಡು ಯಾವಾಗ ಹೆಂಚಿನದಾಯಿತು ಎಂಬ ಮಲೆನಾಡಿನ ಅರ್ಧ ಚರಿತ್ರೆ ಕಿಲೋ ಲೆಕ್ಕದಲ್ಲಿ ತೂಗಿಹೋಗಿತ್ತು. 1914ರಲ್ಲಿ ವಿ.ಎಸ್. ಕುಡ್ವರು ಶುರು ಮಾಡಿದ ಸಿ.ಪಿ.ಸಿ. ಬಸ್ಸುಗಳ ನೆನಪನ್ನು ಮಂಗಳೂರು ಇಟ್ಟುಕೊಂಡಿದೆ. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಕಟ್ಟಿದ ಕಂಪನಿಯ ಕಥೆ 2022ರಲ್ಲಿ ಸಿನಿಮಾವೇ ಆಯಿತು, ಆಗಬೇಕಾದದ್ದೇ. ಎರಡು ಲಾರಿ, ಒಂದು ಬೆಂಚು, ಒಂದು ಫೋನು ಇಟ್ಟುಕೊಂಡು ಮೂವತ್ತು ವರ್ಷ ಘಟ್ಟದ ಮೇಲಿನವರ ಮನೆ ಕಟ್ಟಿಸಿದ ಕಂಪನಿಗಳಿಗೆ ಒಂದು ಪುಟವೂ ಸಿಕ್ಕಿಲ್ಲ.

ಪುಟ ಇಲ್ಲದ ಕಡೆ ಮನುಷ್ಯರಿದ್ದಾರೆ. ಬಿ.ಸಿ. ರೋಡಿನ ಹತ್ತಿರ ಒಬ್ಬ ಹಿರಿಯ ಡ್ರೈವರ್ ಇದ್ದಾರೆಂದು ಗ್ಯಾರೇಜಿನವರು ಹೇಳಿ ಕಳಿಸಿದರು. ಎಂಬತ್ತು ದಾಟಿದವರು. 1956ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಹೆಂಚಿನ ಲಾರಿಗೆ ಕ್ಲೀನರ್ ಆಗಿ ಹತ್ತಿದವರು. ರಸೀದಿಯನ್ನು ಕನ್ನಡಕದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ‘ಈ ರುಜು ಯಾರದ್ದಂತ ನಂಗೆ ಗೊತ್ತಿಲ್ಲ ಮಾರಾಯ್ರೆ. ಆದ್ರೆ ಲೋಡು ಮಾಡಿದವ ಒಳ್ಳೆಯವ. 3000ದಲ್ಲಿ 41 ಅಂದ್ರೆ ಆ ಕಾಲದ ಚಾರ್ಮಾಡಿ ಘಾಟಿಗೆ ಏನೂ ಅಲ್ಲ.’

ಹೆಂಚು ಲೋಡು ಮಾಡುವುದನ್ನು ಅವರು ಕೈಯಲ್ಲೇ ಮಾಡಿ ತೋರಿಸಿದರು. ಹೆಂಚನ್ನು ಮಲಗಿಸಬಾರದು, ನಿಲ್ಲಿಸಬೇಕು. ಅಡಿಗೆ ಒಂದು ಮೊಳ ಬೈಹುಲ್ಲು. ಸಾಲಿಗೂ ಸಾಲಿಗೂ ನಡುವೆ ಹುಲ್ಲು, ಲಾರಿಯ ಹಲಗೆಗೂ ಹೆಂಚಿಗೂ ನಡುವೆ ಇನ್ನಷ್ಟು. ಒಂದೊಂದು ಹೆಂಚು ಎರಡು ಕಿಲೋ ಮೇಲೆ ತೂಗುತ್ತದೆ, 3000 ಅಂದರೆ ಆರೇಳು ಟನ್. ಸಡಿಲ ಬಿಟ್ಟರೆ ತಿರುವಿನಲ್ಲಿ ಒಂದಕ್ಕೊಂದು ಕುಟ್ಟಿಕೊಳ್ಳುತ್ತವೆ; ಬಿಗಿ ಮಾಡಿದರೆ ಗುಂಡಿಗೆ ಇಳಿದಾಗ ಸಾಲಿಗೆ ಸಾಲೇ ಬಿರಿಯುತ್ತದೆ. ಎಷ್ಟು ಬಿಗಿ ಎಂಬುದನ್ನು ಮೊಣಕಾಲಿನಿಂದ ಒತ್ತಿ ನೋಡಬೇಕಂತೆ.

ಅವರು ಕೆಲಸಕ್ಕೆ ಸೇರಿದ ವರ್ಷವೇ ಘಟ್ಟದ ಗಡಿ ಅಳಿಸಿತು. ಅಲ್ಲಿಯವರೆಗೆ ಚಾರ್ಮಾಡಿಯ ಬುಡ ಮದ್ರಾಸ್ ರಾಜ್ಯದಲ್ಲಿ, ನೆತ್ತಿಯ ಕೊಟ್ಟಿಗೆಹಾರ ಮೈಸೂರು ರಾಜ್ಯದಲ್ಲಿ. 1939ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ಕಡೆಯ ಪರ್ಮಿಟ್ಟಿಗೆ ಇನ್ನೊಂದು ಕಡೆಯ ಮೇಲುರುಜು ಬೀಳದೆ ಲಾರಿ ದಾಟುವ ಹಾಗಿರಲಿಲ್ಲ. 1956ರ ನವೆಂಬರ್ 1ಕ್ಕೆ ಎರಡೂ ಒಂದೇ ರಾಜ್ಯವಾದವು. ಏಕೀಕರಣ ಎಂದರೆ ನಾವು ಭಾಷಣ, ಮೆರವಣಿಗೆ ನೆನೆಯುತ್ತೇವೆ. ಅವರಿಗೆ ನೆನಪಿರುವುದು, ಅವರ ಡ್ರೈವರು ಪರ್ಮಿಟ್ಟಿನ ಕಾಗದ ಕಟ್ಟಿಟ್ಟಿದ್ದ ರಟ್ಟಿನ ಚೀಲ ತೆಳ್ಳಗಾದದ್ದು.

ಎರಡನೇ ಮಹಾಯುದ್ಧದ ಕಾಲದ ಸುದ್ದಿ ಅವರಿಗೆ ಅವರ ಡ್ರೈವರ್ ಹೇಳಿ ಗೊತ್ತು. ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸು, ಲಾರಿಗಳಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸಿದರು. ಬೆಳಗ್ಗೆ ಹೊರಡಬೇಕೆಂದರೆ ಕ್ಲೀನರ್ ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಬೇಕು. ಏರು ಬಂದರೆ ಎಂಜಿನ್ನಿಗೆ ದಮ್ಮು ಇರುವುದಿಲ್ಲ, ಇಳಿದು ನೂಕಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿ ಮಾರಿದ ಫೋರ್ಡು, ಷೆವ್ರೊಲೆ ಗಾಡಿಗಳು ಬಂದವು.

ಆದರೆ ಅವರು ಕಣ್ಣರಳಿಸಿ ಮಾತಾಡಿದ್ದು ಬೆಂಜಿನ ಬಗ್ಗೆ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. ಮುಂದೆ ಮೂರು ಮೊನೆಯ ನಕ್ಷತ್ರ, ಒಳಗೆ ಡೀಸೆಲ್ ಎಂಜಿನ್. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರ ಹೋಯಿತು, ಅದರ ಜಾಗದಲ್ಲಿ ಟಾಟಾದ ಗುರುತು ಕೂತಿತು. ಡ್ರೈವರುಗಳ ಬಾಯಲ್ಲಿ ಮಾತ್ರ ಅದು ಬೆಂಜೇ. ‘ಪೆಟ್ರೋಲ್ ಗಾಡಿಯಲ್ಲಿ ಘಟ್ಟ ಅಂದ್ರೆ ಮೂರು ಕಡೆ ರೇಡಿಯೇಟರಿಗೆ ನೀರು. ಬೆಂಜಲ್ಲಿ ಒಂದೇ ದಮ್ಮಿಗೆ ಅಣ್ಣಪ್ಪ ಸ್ವಾಮಿ ಗುಡಿಗೆ ಬಂದು ನಿಲ್ತಿದ್ದೆವು. ಅಲ್ಲಿ ಒಂದು ಕಾಣಿಕೆ ಹಾಕಿ ಮತ್ತೆ ಮುಂದೆ.’ ಅಷ್ಟಾದರೂ ತಿರುವಿನಲ್ಲಿ ಕ್ಲೀನರಿಗೆ ಬಿಡುವಿಲ್ಲ. ಮರದ ಅಡ್ಡೆ ಹಿಡಿದು ಲಾರಿಯ ಹಿಂದೆ ನಡೆಯಬೇಕು. ಗಾಡಿ ಹಿಂದೆ ಸರಿಯುವ ಸದ್ದು ಬಂದರೆ ಅಡ್ಡೆಯನ್ನು ಚಕ್ರಕ್ಕೆ ಕೊಡಬೇಕು. ಅವರ ಎಡಗೈಯ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ನನ್ನ ಪ್ರಶ್ನೆಗೆ ಬಂದೆ. ‘ಅಜ್ಜ, ಒಡೆದದ್ದನ್ನು ಡ್ರೈವರ್ ಯಾಕೆ ಬರೆದುಕೊಟ್ಟ? ಕಂಪನಿಗೆ ತೊಂದರೆ ಅಲ್ವಾ?’

‘ಕಂಪನಿಗೆ ತೊಂದರೆ ಎಂತದು, ತೊಂದರೆ ಅವನಿಗೇ. ಒಡೆದದ್ದು ಜಾಸ್ತಿ ಆದ್ರೆ ಧನಿಗಳು ಬತ್ತಾದಲ್ಲಿ ಹಿಡೀತಿದ್ರು.’ ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದರು. ‘ನೋಡಿ, ಲಾರಿ ಅಂಗಳಕ್ಕೆ ಬಂದ ಕೂಡ್ಲೇ ಮನೆಯವರು ಎಣಿಸ್ಲಿಕ್ಕೆ ನಿಲ್ತಾರೆ. ನಾವೇ ಮೊದ್ಲು ಹೇಳ್ಬೇಕು, ಇಷ್ಟು ಒಡೆದಿದೆ ಅಂತ. ಹೇಳಿ ಬರೆದು ಕೊಟ್ರೆ ಅವರಿಗೆ ಸಮಾಧಾನ. ಮತ್ತೆ ಬೈಹುಲ್ಲು. ಅದು ಧನಿಗಳದ್ದು, ನಾವು ವಾಪಸ್ ತಗೊಂಡು ಹೋಗ್ಬೇಕು. ಆದ್ರೆ ಏಪ್ರಿಲ್ ಅಂದ್ರೆ ಘಟ್ಟದ ಮೇಲೆ ದನಗಳಿಗೆ ಹುಲ್ಲಿಗೆ ಬರ. ಒಂದು ಲಾರಿ ಬೈಹುಲ್ಲು ಅಂದ್ರೆ ಕಡಿಮೆಯಾ? ಅದನ್ನು ಅಲ್ಲೇ ಬಿಟ್ರೆ ಒಡೆದ ಹೆಂಚಿನ ಮಾತು ಅಲ್ಲಿಗೆ ಮುಗೀತದೆ. ಮತ್ತೆ ಊಟವೂ ಸಿಗ್ತದೆ.’

ಇಷ್ಟೇ. 41 ಹೆಂಚಿಗೆ ಒಂದು ಲಾರಿಯ ಹುಲ್ಲು. 1865ರ ಕಾನೂನು ಬರೆದವರಿಗೆ ಹೊಳೆಯದ ಕಲಮು ಇದು. ಬಂದರಿನ ಆಫೀಸಿನಲ್ಲಿ ಧನಿಗಳಿಗೂ ಗೊತ್ತಿತ್ತಂತೆ, ಹುಲ್ಲು ವಾಪಸ್ ಬರಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲವಂತೆ. ಇಂಥ ಒಪ್ಪಂದಗಳ ಮೇಲೆಯೇ ಆ ಸಣ್ಣ ಕಂಪನಿಗಳು ನಿಂತಿದ್ದವು ಎಂದು ಈಗ ನನಗನ್ನಿಸುತ್ತದೆ. ಲೆಡ್ಜರು ಸಿಕ್ಕಿದ್ದರೂ ಇದು ಅದರಲ್ಲಿ ಇರುತ್ತಿರಲಿಲ್ಲ, ಡ್ರೈವರುಗಳ ತಲೆಯಲ್ಲಿತ್ತು. ಯಾರ ಮನೆಯ ಅಂಗಳಕ್ಕೆ ಲಾರಿ ಹೋಗುತ್ತದೆ, ಯಾರ ಮನೆಗೆ ಗದ್ದೆಯ ಬದುವಿನಿಂದ ಹೆಂಚು ಹೊರಬೇಕು, ಯಾರು ಎಣಿಸುತ್ತಾರೆ, ಯಾರು ಎಣಿಸುವುದಿಲ್ಲ, ಇಳಿಯುವಾಗ ಯಾರ ಮನೆಯ ಕಾಫಿ ಮೂಟೆ ರಿಟರ್ನ್ ಲೋಡಿಗೆ ಸಿಗುತ್ತದೆ, ಯಾರಿಗೆ ಒಣಮೀನಿನ ಕಟ್ಟು ತರಬೇಕು ಎಂಬುದೆಲ್ಲ.

‘ಘಟ್ಟದಲ್ಲಿ ಒಂದು ರಾತ್ರಿ’ ಎಂಬುದಕ್ಕೂ ಅವರಲ್ಲಿ ವಿವರಣೆ ಇತ್ತು. ಗಾಡಿ ಕೆಟ್ಟಿದ್ದರೆ ಏನು ಕೆಟ್ಟಿತೆಂದು ಬರೆಯುತ್ತಿದ್ದ. ಬರೆದಿಲ್ಲ ಅಂದರೆ ಮಂಜು. ಮಂಜು ಕವಿದ ಮೇಲೆ ಹೆಂಚಿನ ಗಾಡಿಯನ್ನು ಬುದ್ಧಿಯಿದ್ದವರು ಓಡಿಸುವುದಿಲ್ಲ. ಬೈಹುಲ್ಲು ಇರುವ ಲಾರಿಯಲ್ಲಿ ಬೀಡಿ ಹಚ್ಚುವಂತಿಲ್ಲ, ರಸ್ತೆಯ ಬದಿಯಲ್ಲಿ ಕೂತು ಬೆಳಗು ಮಾಡಬೇಕು.

ಉಳಿದ ಕಥೆ ಬೇಗ ಮುಗಿಯುತ್ತದೆ. ಕಾಂಕ್ರೀಟ್ ತಾರಸಿ ಬಂತು. ನದಿ ದಂಡೆಯ ಹೊಗೆಗೂಡುಗಳು ಒಂದೊಂದೇ ತಣ್ಣಗಾದವು. ಹಾಸನದಿಂದ ಮಂಗಳೂರಿಗೆ 1979ರಲ್ಲಿ ರೈಲು ಬಂತು. ಹಳಿ ಅಗಲ ಮಾಡಲು 1996ರಲ್ಲಿ ಅದನ್ನು ನಿಲ್ಲಿಸಿದಾಗ ಸರಕೆಲ್ಲ ಹತ್ತು ವರ್ಷ ಶಿರಾಡಿ ಘಾಟಿಯ ರಸ್ತೆಗೆ ಬಿತ್ತು. ಆದರೆ ಆ ಹೊತ್ತಿಗೆ ಶಿರಾಡಿಯಲ್ಲಿ ಓಡುತ್ತಿದ್ದದ್ದು ಹತ್ತು ಚಕ್ರದ ದೊಡ್ಡ ಗಾಡಿಗಳು, ಗ್ಯಾಸಿನ ಟ್ಯಾಂಕರುಗಳು. ಎರಡು ಲಾರಿಯ ಧನಿಗಳು ಅಷ್ಟರಲ್ಲಿ ಆಟದಿಂದ ಹೊರಗೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಹಲವು ಕಡೆ ಕುಸಿಯಿತು, ಭಾರೀ ವಾಹನಗಳನ್ನು ಅಲ್ಲಿ ನಿಲ್ಲಿಸಿದರು. ಅಪ್ಪನ ಹೆಂಚು ಬಂದ ದಾರಿ ಹಾಗೆ ಲಾರಿಗಳ ಕೈ ತಪ್ಪಿತು.

ಹೊರಡುವಾಗ ಚೀಲದಲ್ಲಿ ಒಯ್ದಿದ್ದ ನಮ್ಮ ಮನೆಯ ಒಂದು ಹೆಂಚನ್ನು ಅವರ ಕೈಗಿಟ್ಟೆ. ಪಾಚಿ ಉಜ್ಜಿ ತೆಗೆದದ್ದು. ಅದನ್ನು ತುದಿಬೆರಳಲ್ಲಿ ನೇತು ಹಿಡಿದು, ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದರು. ಕಂಚಿನ ತಟ್ಟೆಯಂಥ ಸದ್ದು.

‘ಬೆಂದದ್ದು ಸರಿ ಉಂಟು,’ ಅಂದರು. ‘ಇನ್ನೆಷ್ಟು ಉಂಟು ಮನೆಯಲ್ಲಿ?’

‘ಎರಡು ಸಾವಿರ ಗಟ್ಟಿ ಇದೆ ಅಜ್ಜ. ಮಗಳು ಮೂಡಿಗೆರೆಯಲ್ಲಿ ಮನೆ ಕಟ್ಟುತ್ತಿದ್ದಾಳೆ, ಹಿತ್ತಿಲ ಕೊಟ್ಟಿಗೆಗೆ ಬೇಕಂತೆ. ಪಿಕಪ್‌ಗೆ ಹೇಳಿದ್ದೇನೆ.’

‘ಪಿಕಪ್ಪಾ?’ ಹೆಂಚನ್ನು ಮೆಲ್ಲಗೆ ಮೊಣಕಾಲ ಮೇಲೆ ನಿಲ್ಲಿಸಿಕೊಂಡು ಕೇಳಿದರು: ‘ಬೈಹುಲ್ಲು ಉಂಟಾ?’