ಗದ್ದೆ ಬಯಲಿಗೊಂದು ‘ಕೃಷಕ್’: ದೊಡ್ಡ ಅಳತೆಯ ವೀಕ್ಷಣಾ ವಿಮಾನದ ಮಾದರಿ ಕಟ್ಟಿ ಹಾರಿಸುವುದು ಹೇಗೆ?

ಫಿರಂಗಿ ಹಾರಿಸುವ ಸೈನಿಕನಿಗೆ ತನ್ನ ಗುಂಡು ಬಿದ್ದ ಜಾಗ ಬಹಳ ಸಲ ಕಾಣುವುದೇ ಇಲ್ಲ. ಗುಡ್ಡದಾಚೆಯೋ ತೋಪಿನ ಹಿಂದೆಯೋ ಬಿದ್ದದ್ದನ್ನು ಯಾರಾದರೂ ಮೇಲಿನಿಂದ ನೋಡಿ, ಇನ್ನಷ್ಟು ಎಡಕ್ಕೆ, ಇನ್ನಷ್ಟು ಮುಂದಕ್ಕೆ ಎಂದು ರೇಡಿಯೊದಲ್ಲಿ ಹೇಳಬೇಕು. ವೀಕ್ಷಣಾ ವಿಮಾನ ಹುಟ್ಟಿದ್ದು ಈ ಕೆಲಸಕ್ಕೆ. ಅದಕ್ಕೆ ಭಾರಿ ವೇಗ ಬೇಡ. ನಿಧಾನವಾಗಿ ಹಾರಬೇಕು, ಕೆಳಗಿನ ನೆಲ ಚೆನ್ನಾಗಿ ಕಾಣಬೇಕು, ಸಣ್ಣ ಬಯಲಿನಲ್ಲೂ ಇಳಿದು ಏಳಬೇಕು.

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕಟ್ಟುವವರು ಬಯಸುವುದೂ ಇವೇ ಗುಣಗಳನ್ನು. ಆದ್ದರಿಂದಲೇ ಮೊದಲ ಬಾರಿಗೆ ದೊಡ್ಡ ಮಾದರಿಗೆ ಕೈಹಾಕುವವರು ಯುದ್ಧವಿಮಾನದ ಬದಲು ವೀಕ್ಷಣಾ ವಿಮಾನವನ್ನು ಆರಿಸಿಕೊಳ್ಳುವುದು ಜಾಣತನ. ಎತ್ತರದಲ್ಲಿ ಕೂತ ಉದ್ದನೆಯ ರೆಕ್ಕೆ, ಗಟ್ಟಿಯಾದ ಸ್ಥಿರ ಚಕ್ರಗಳು, ದೊಡ್ಡ ಬಾಲ: ಈ ವಿನ್ಯಾಸ ಹಾರಿಸುವವರ ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ.

ನಮ್ಮದೇ ವಿಮಾನ ಇರುವಾಗ

ಜರ್ಮನಿಯ ಸ್ಟೋರ್ಕ್, ಬ್ರಿಟನ್ನಿನ ಆಸ್ಟರ್, ಅಮೆರಿಕದ ಬರ್ಡ್ ಡಾಗ್ ವಿಮಾನಗಳ ಮಾದರಿಗಳು ಜಗತ್ತಿನಾದ್ಯಂತ ಹಾರುತ್ತಿವೆ. 1942ರಲ್ಲಿ ಬರ್ಮಾ ರಂಗದಲ್ಲಿ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ ಲೈಸ್ಯಾಂಡರ್ ಕೂಡ ಮಾದರಿಗಾರರ ಅಚ್ಚುಮೆಚ್ಚು. ಆದರೆ ಕನ್ನಡನಾಡಿನವರು ಮೊದಲು ನೋಡಬೇಕಾದದ್ದು ಬೆಂಗಳೂರಿನಲ್ಲೇ ಹುಟ್ಟಿದ ಕೃಷಕ್ ಕಡೆಗೆ.

1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಕಟ್ಟಿದ ಎಚ್‌ಎಎಲ್ ಸಂಸ್ಥೆಯಲ್ಲಿ ವಿ.ಎಂ. ಘಾಟಗೆ ಅವರ ವಿನ್ಯಾಸ ತಂಡ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನೂ 1958ರಲ್ಲಿ ಎರಡಾಸನದ ಪುಷ್ಪಕ್ ಅನ್ನೂ ಹಾರಿಸಿತು. ಪುಷ್ಪಕ್ ಅನ್ನೇ ಹಿಗ್ಗಿಸಿ ಮಾಡಿದ ಕೃಷಕ್ 1959ರ ನವೆಂಬರ್‌ನಲ್ಲಿ ಮೊದಲು ಹಾರಿತು. 225 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, 11.43 ಮೀಟರ್ ರೆಕ್ಕೆ, 8.41 ಮೀಟರ್ ಉದ್ದ. ಸೇನೆಯ ಫಿರಂಗಿದಳಕ್ಕೆ ಅದನ್ನು ವೀಕ್ಷಣಾ ವಿಮಾನವಾಗಿ ಮಾರ್ಪಡಿಸಿದಾಗ ಮೂರನೆಯವರಿಗೆ ಸುತ್ತ ತಿರುಗುವ ಆಸನ ಕೊಟ್ಟರು. ಅಂಥ 68 ವಿಮಾನಗಳು ತಯಾರಾಗಿ, ಹಳೆಯ ಆಸ್ಟರ್‌ಗಳ ಜಾಗ ತುಂಬಿ, 1970ರ ದಶಕದಲ್ಲಿ ಹೆಲಿಕಾಪ್ಟರ್‌ಗಳಿಗೆ ಜಾಗ ಬಿಟ್ಟುಕೊಟ್ಟವು.

ಅಳತೆಯ ಲೆಕ್ಕ

‘ದೊಡ್ಡ ಅಳತೆ’ ಎಂದಾಗ ಮಾದರಿಗಾರರು ಹೆಚ್ಚಾಗಿ ಹೇಳುವುದು ಅಸಲಿನ ಕಾಲು ಭಾಗವನ್ನು. ಕೃಷಕ್‌ನ ಕಾಲು ಅಳತೆಯ ಮಾದರಿಗೆ ರೆಕ್ಕೆ 2.86 ಮೀಟರ್, ಉದ್ದ 2.10 ಮೀಟರ್. ಉದ್ದ ನಾಲ್ಕನೇ ಒಂದಾದರೆ ರೆಕ್ಕೆಯ ವಿಸ್ತೀರ್ಣ ಹದಿನಾರನೇ ಒಂದು, ಗಾತ್ರ ಅರವತ್ನಾಲ್ಕನೇ ಒಂದು. ಅಸಲಿ ಕೃಷಕ್ ತುಂಬಿದ ತೂಕದಲ್ಲಿ ಸುಮಾರು 1,270 ಕೆ.ಜಿ. ಈ ಲೆಕ್ಕದಲ್ಲಿ ಮಾದರಿ 20 ಕೆ.ಜಿ.ವರೆಗೆ ತೂಗಬಹುದು. ಎಚ್ಚರದಿಂದ ಕಟ್ಟಿದರೆ 9 ಕೆ.ಜಿ.ಯಲ್ಲೇ ಮುಗಿಯುತ್ತದೆ, ಮುಗಿಸಲೂಬೇಕು.

ಏಕೆಂದರೆ ಮಾದರಿಯ ರೆಕ್ಕೆಯ ವಿಸ್ತೀರ್ಣ ಸುಮಾರು 1.16 ಚದರ ಮೀಟರ್. 9 ಕೆ.ಜಿ.ಗೆ ಪ್ರತಿ ಚದರ ಮೀಟರ್ ಹೊರುವ ಭಾರ 8 ಕೆ.ಜಿ.ಗಿಂತ ಕಡಿಮೆ. ಆಗ ಗಂಟೆಗೆ 35ರಿಂದ 40 ಕಿ.ಮೀ. ವೇಗದಲ್ಲೂ ರೆಕ್ಕೆ ವಿಮಾನವನ್ನು ಹಿಡಿದಿಡುತ್ತದೆ. ತೂಕ ಎರಡು ಪಟ್ಟಾದರೆ ಈ ಕನಿಷ್ಠ ವೇಗ ಸುಮಾರು 1.4 ಪಟ್ಟಾಗುತ್ತದೆ. ಇಳಿಯುವಾಗ ನೆಲಕ್ಕೆ ತಾಗುವ ಪೆಟ್ಟು ಎಷ್ಟೋ ಪಾಲು ಹೆಚ್ಚುತ್ತದೆ.

ನೋಟದ ವೇಗಕ್ಕೂ ಒಂದು ಲೆಕ್ಕವಿದೆ. ಕಾಲು ಅಳತೆಯ ಮಾದರಿ ಅಸಲಿನ ಅರ್ಧ ವೇಗದಲ್ಲಿ ಹಾರಿದರೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. 160 ಕಿ.ಮೀ. ವೇಗದ ವಿಮಾನದ ಮಾದರಿ 80 ಕಿ.ಮೀ. ದಾಟಬೇಕಾಗಿಲ್ಲ. ಚಿಕ್ಕ ಮಾದರಿಗಳು ಗಾಳಿಯಲ್ಲಿ ಚಡಪಡಿಸುತ್ತವೆ. ದೊಡ್ಡದು ಗಾಂಭೀರ್ಯದಿಂದ ತೇಲುತ್ತದೆ. ಆದರೆ ಬಿದ್ದರೆ ಆಗುವ ಹಾನಿಯೂ ಗಾತ್ರದ ಜೊತೆಗೇ ಬೆಳೆಯುತ್ತದೆ. ಇಡೀ ಹವ್ಯಾಸದ ಶಿಸ್ತು ನಿಂತಿರುವುದು ಈ ಒಂದು ಮಾತಿನ ಮೇಲೆ.

ಕಟ್ಟುವ ಕೆಲಸ

ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಸಮತಟ್ಟಾದ ಹಲಗೆಯ ಮೇಲೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲಸ ಶುರುಮಾಡಬೇಕು. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟಗಾಗುತ್ತದೆ. ಬಾಗಿಲಿಗೆ ಹಾಕುವ ಫ್ಲಶ್ ಡೋರ್ ಹಲಗೆ ಈ ಕೆಲಸಕ್ಕೆ ಸರಿಹೋಗುತ್ತದೆ.

ರೆಕ್ಕೆಯ ಬೆನ್ನೆಲುಬು ಸ್ಪಾರ್. ಮೇಲೊಂದು ಕೆಳಗೊಂದು ಪೈನ್ ಪಟ್ಟಿ, ನಡುವೆ ಎಳೆ ನಿಲುವಾಗಿ ಕೂರಿಸಿದ ಬಾಲ್ಸಾ ತುಂಡುಗಳು. ಭಾರವನ್ನು ಪಟ್ಟಿಗಳು ಹೊರುತ್ತವೆ, ಅವು ಒಂದರ ಹತ್ತಿರ ಒಂದು ಕುಸಿಯದಂತೆ ನಡುವಿನ ತುಂಡುಗಳು ತಡೆಯುತ್ತವೆ. 40 ಸೆಂ.ಮೀ. ಅಗಲದ ರೆಕ್ಕೆಗೆ 7-8 ಸೆಂ.ಮೀ. ಅಂತರದಲ್ಲಿ ಆಕಾರ ಕೊಡುವ ಅಡ್ಡಪಟ್ಟಿಗಳು, ಅಂದರೆ ರಿಬ್‌ಗಳು ಬೇಕು. ಒಂದೊಂದು ಬದಿಗೆ ಸುಮಾರು ಇಪ್ಪತ್ತು. ಲೇಸರ್ ಕಟಿಂಗ್ ಮಾಡುವವರು ಈಗ ಮಂಡ್ಯ, ಮೈಸೂರುಗಳಲ್ಲೂ ಸಿಗುವುದರಿಂದ ರಿಬ್‌ಗಳನ್ನು ಒಂದೇ ಸಮನಾಗಿ ಕತ್ತರಿಸಿಕೊಳ್ಳಬಹುದು. ಎರಡೂ ರೆಕ್ಕೆಗಳನ್ನು ಒಡಲಿಗೆ ಜೋಡಿಸಲು ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆ ಹಾಕಿದರೆ, ಬಿಚ್ಚಿ ಕಾರಿನಲ್ಲಿ ಸಾಗಿಸುವುದು ಸಲೀಸು. ಒಡಲಿನಿಂದ ರೆಕ್ಕೆಗೆ ಆನಿಸಿದ ಆಸರೆ ಕಂಬಿಗಳು, ಅಂದರೆ ಸ್ಟ್ರಟ್‌ಗಳು ಬರೀ ಅಲಂಕಾರವಾಗಬಾರದು. ಭಾರ ಹೊರುವಂತೆ ನಟ್ಟು ಬೋಲ್ಟು ಹಾಕಿ ಕಟ್ಟಿದರೆ ಸ್ಪಾರ್ ಹಗುರವಾಗಿದ್ದರೂ ನಡೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ರೆಕ್ಕೆಯ ತುದಿಯಲ್ಲಿ ಹಿಂದಂಚನ್ನು 14 ಮಿ.ಮೀ.ನಷ್ಟು ಮೇಲೆತ್ತಿ ಅಂಟಿಸಬೇಕು. ಅಂದರೆ ಎರಡು ಡಿಗ್ರಿ ತಿರುಚು. ವೇಗ ತೀರಾ ಕುಗ್ಗಿದಾಗ ರೆಕ್ಕೆಯ ಬುಡ ಮೊದಲು ಹಿಡಿತ ಬಿಡುತ್ತದೆ, ತುದಿ ಇನ್ನೂ ಹಿಡಿದಿರುತ್ತದೆ. ವಿಮಾನ ಪಕ್ಕಕ್ಕೆ ಮಗುಚದೆ ಮೂಗನ್ನಷ್ಟೇ ತಗ್ಗಿಸುತ್ತದೆ. ಈ ತಿರುಚು ಎರಡೂ ಬದಿಗೆ ಒಂದೇ ಸಮ ಇರಬೇಕು.

ಅಂಟಿನ ವಿಷಯದಲ್ಲಿ, ಮರಕ್ಕೆ ಮರ ಸೇರುವಲ್ಲಿ ಸಾಮಾನ್ಯ ಮರಗೆಲಸದ ಬಿಳಿ ಗೋಂದು ಸಾಕು. ಎಂಜಿನ್ ಕೂರುವ ಪ್ಲೈವುಡ್ ಗೋಡೆಗೆ, ಚಕ್ರದ ಕಾಲಿಗೆ, ಸ್ಟ್ರಟ್‌ನ ಬುಡಕ್ಕೆ ನಿಧಾನವಾಗಿ ಒಣಗುವ ಎಪಾಕ್ಸಿ ಬೇಕು. ಕೊನೆಗೆ ಇಸ್ತ್ರಿಯಿಂದ ಅಂಟಿಸುವ ಬಟ್ಟೆಯಂಥ ಫಿಲ್ಮ್ ಹೊದಿಸಿ, ಬಣ್ಣ ಬಳಿಯಬಹುದು. ಬಾಲದ ಕಡೆ ಬಣ್ಣವಾಗಲಿ ಅಂಟಾಗಲಿ ಹೆಚ್ಚು ಸುರಿಯಬಾರದು. ಬಾಲದ ಒಂದು ಗ್ರಾಮಿಗೆ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಸೇರಿಸಿ ಸರಿದೂಗಿಸಬೇಕಾಗುತ್ತದೆ.

ಶಕ್ತಿ, ಬ್ಯಾಟರಿ, ರೇಡಿಯೊ

ಈ ಗಾತ್ರಕ್ಕೆ 40ರಿಂದ 55 ಸಿಸಿಯ ಎರಡು ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಧಾರಾಳ. ವಿದ್ಯುತ್ ಮೋಟರ್ ಇಷ್ಟಪಡುವವರು ಪ್ರತಿ ಕೆ.ಜಿ.ಗೆ 150ರಿಂದ 200 ವ್ಯಾಟ್ ಲೆಕ್ಕ ಹಿಡಿಯಲಿ. 9 ಕೆ.ಜಿ.ಗೆ 1,800 ವ್ಯಾಟ್. 10 ಸೆಲ್‌ಗಳ 5,000 ಎಂಎಎಚ್ ಲಿಪೊ ಬ್ಯಾಟರಿಯಲ್ಲಿರುವುದು ಸುಮಾರು 185 ವ್ಯಾಟ್-ಗಂಟೆ. ಪೂರ್ಣ ಥ್ರಾಟಲ್‌ನಲ್ಲಿ ಆರು ನಿಮಿಷಕ್ಕೆ ಖಾಲಿಯಾಗುತ್ತದೆ; ಹದವಾಗಿ ಹಾರಿಸಿದರೆ ಹತ್ತು ನಿಮಿಷ ಹಾರಿಸಿ, ಸ್ವಲ್ಪ ಉಳಿಸಿಕೊಂಡೇ ಇಳಿಸಬಹುದು.

ನಿಯಂತ್ರಣದ ಫಲಕಗಳನ್ನು ಆಡಿಸುವ ಪುಟ್ಟ ಮೋಟರುಗಳಾದ ಸರ್ವೊಗಳಿಗೆ ಲೋಹದ ಗಿಯರ್ ಇರಲಿ. ಮೂಗನ್ನು ಏರಿಸಿ ಇಳಿಸುವ ಬಾಲದ ಫಲಕ ಎಲಿವೇಟರ್‌ನ ಎಡ ಬಲ ಭಾಗಗಳಿಗೆ ಬೇರೆ ಬೇರೆ ಸರ್ವೊ ಹಾಕಿದರೆ ಒಂದು ಕೈಕೊಟ್ಟರೂ ಇನ್ನೊಂದರಿಂದ ಇಳಿಸಿಕೊಳ್ಳಬಹುದು. ರಿಸೀವರ್‌ಗೆ ಎರಡು ಬ್ಯಾಟರಿ, ಎರಡು ಸ್ವಿಚ್ಚು. 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ಫೇಲ್‌ಸೇಫ್ ಹೊಂದಿಸುವುದನ್ನು ಮರೆಯಬಾರದು. ಸಂಪರ್ಕ ಕಡಿದರೆ ಎಂಜಿನ್ ತಾನಾಗಿ ನಿಲ್ಲಬೇಕು. ಪೆಟ್ರೋಲ್ ಎಂಜಿನ್ನಿನ ಇಗ್ನಿಷನ್ ಆರಿಸಲು ಟ್ರಾನ್ಸ್‌ಮಿಟರ್‌ನಲ್ಲಿ ಬೇರೆಯೇ ಒಂದು ಸ್ವಿಚ್ ಇಡಬೇಕು.

ತೂಕದ ಕೇಂದ್ರ

ಮುಂದಂಚಿನಿಂದ 10ರಿಂದ 12 ಸೆಂ.ಮೀ. ಹಿಂದೆ ರೆಕ್ಕೆಯ ಅಡಿಗೆ ಎರಡೂ ಕಡೆ ಬೆರಳಿಟ್ಟು ಎತ್ತಿ. ವಿಮಾನ ಸಮನಾಗಿ ನಿಲ್ಲಬೇಕು, ಇಲ್ಲವೇ ಮೂಗು ಕೊಂಚ ತಗ್ಗಬೇಕು. ಬಾಲ ತಗ್ಗಿದರೆ ಅಂದು ಹಾರಾಟ ಬೇಡ. ಮೂಗು ಭಾರದ ವಿಮಾನ ಸರಿಯಾಗಿ ಹಾರಲಾರದು, ಆದರೂ ಇಳಿಸಿಕೊಳ್ಳಬಹುದು. ಬಾಲ ಭಾರದ್ದು ಕೈಗೇ ಸಿಗುವುದಿಲ್ಲ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಮೊದಲು ಹೊಂದಿಸಿ. ಸೀಸ ಕೊನೆಯ ಉಪಾಯ.

ಬಯಲು, ಗಾಳಿ, ಕಾಲ

 ಹಾರಿಸುವ ಬಯಲನ್ನು ಮದ್ದೂರಿನಿಂದ ಮಂಡ್ಯದವರೆಗೆ ಹೆದ್ದಾರಿ, ರೈಲು ಹಳಿ, ವಿದ್ಯುತ್ ತಂತಿ, ತೆಂಗಿನ ಮರ ಇಲ್ಲದ ಕಡೆ ಹುಡುಕಬೇಕು. ಅವುಗಳಿಂದ ದೂರ ಸರಿದು, 80 ಮೀಟರ್ ಉದ್ದ, 10 ಮೀಟರ್ ಅಗಲದ ಸಮತಟ್ಟು ಜಾಗ ಸಿಕ್ಕರೆ ಸಾಕು. ಭತ್ತದ ಕೊಯ್ಲು ಮುಗಿದ ಗದ್ದೆ ನೋಟಕ್ಕೆ ಬಯಲು, ಆದರೆ ಬದುಗಳಿವೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ, ಊರಿನ ಗೋಮಾಳ ಹೆಚ್ಚು ಅನುಕೂಲ. ಜಾಗ ಯಾರದೇ ಆಗಲಿ, ಒಪ್ಪಿಗೆ ಪಡೆದೇ ಇಳಿಯಬೇಕು.

ಆಷಾಢದ ಗಾಳಿಯಲ್ಲಿ ದೊಡ್ಡ ರೆಕ್ಕೆಯ ವಿಮಾನ ಎತ್ತಬೇಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಮಂಜು ಕರಗಿದ ಮೇಲಿನ ಬೆಳಗಿನ ಹೊತ್ತು ಒಳ್ಳೆಯದು. ಬೆಳೆದು ನಿಂತ ಕಬ್ಬಿನ ಗದ್ದೆಯೊಳಗೆ ವಿಮಾನ ಬಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಅದಕ್ಕೇ ಸದ್ದು ಮಾಡುವ ಪುಟ್ಟ ಬಜರ್ ಒಂದನ್ನು ಒಳಗೆ ಕೂರಿಸಿಡಬೇಕು. ಹುಡುಕಲು ಹೋಗುವಾಗ ಬೆಳೆ ತುಳಿಯದೆ ಸಾಲಿನ ನಡುವೆ ನಡೆಯಬೇಕು.

ಮೊದಲ ಹಾರಾಟ

ಬಾಲದಲ್ಲಿ ಚಕ್ರವಿರುವ ವಿಮಾನ ಓಟ ಶುರುವಾದೊಡನೆ ಪ್ರೊಪೆಲ್ಲರ್‌ನ ಸೆಳೆತಕ್ಕೆ ಎಡಕ್ಕೆ ಎಳೆಯುತ್ತದೆ. ಥ್ರಾಟಲನ್ನು ಒಮ್ಮೆಗೇ ತಳ್ಳದೆ ನಿಧಾನವಾಗಿ ಏರಿಸಿ, ಬಾಲದ ನಿಲುವಾದ ಫಲಕ ರಡ್ಡರನ್ನು ಬಲಕ್ಕೆ ಕೊಟ್ಟು ನೇರ ಹಿಡಿಯಬೇಕು. ಬಾಲ ತಾನಾಗಿ ಎದ್ದು, ಚಕ್ರ ಹಗುರಾದ ಮೇಲೆ ಎಲಿವೇಟರ್ ಕೊಂಚ ಎಳೆದರೆ ಸಾಕು.

ತಿರುವಿನಲ್ಲಿ ಉದ್ದ ರೆಕ್ಕೆಯ ಗುಣ ತಿಳಿಯುತ್ತದೆ. ಎಡಕ್ಕೆ ವಾಲಿಸಲು ಬಲ ರೆಕ್ಕೆಯ ಹಿಂದಂಚಿನ ಫಲಕ, ಅಂದರೆ ಏಲೆರಾನ್ ಕೆಳಗಿಳಿಯುತ್ತದೆ. ಅದು ರೆಕ್ಕೆಯನ್ನು ಎತ್ತುತ್ತದೆ, ಜೊತೆಗೇ ಗಾಳಿಯನ್ನೂ ಹೆಚ್ಚು ತಡೆಯುತ್ತದೆ. ವಿಮಾನ ಎಡಕ್ಕೆ ವಾಲಿದರೂ ಮೂಗು ಬಲಕ್ಕೆ ಜಗ್ಗುತ್ತದೆ. ನಿಧಾನ ವೇಗದಲ್ಲಿ ಇದು ಅಪಾಯ. ಆದ್ದರಿಂದ ಏಲೆರಾನ್ ಜೊತೆಗೇ ಅದೇ ಬದಿಗೆ ರಡ್ಡರ್ ಕೊಡಬೇಕು; ಏಲೆರಾನ್ ಮೇಲಕ್ಕೆ 20 ಡಿಗ್ರಿ ಹೋದರೆ ಕೆಳಕ್ಕೆ 10 ಡಿಗ್ರಿಯಷ್ಟೇ ಬರುವಂತೆ ಹೊಂದಿಸಬೇಕು. ಸಾಕಷ್ಟು ಎತ್ತರದಲ್ಲಿ ವೇಗ ತಗ್ಗಿಸಿ, ವಿಮಾನ ಎಲ್ಲಿ ಹಿಡಿತ ಬಿಡುತ್ತದೆಂದು ನೋಡಿಟ್ಟುಕೊಳ್ಳಿ. ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ವೇಗದಲ್ಲಿ ಇಳಿಸಿ.

ನಿಯಮ

2021ರ ಡ್ರೋನ್ ನಿಯಮಗಳ ಪ್ರಕಾರ 25 ಕೆ.ಜಿ. ಮೀರದ, ಕಲಿಕೆ, ಸಂಶೋಧನೆ ಅಥವಾ ಹವ್ಯಾಸಕ್ಕಾಗಿ ಕಣ್ಣಳತೆಯೊಳಗೇ ಹಾರಿಸುವ ವಿಮಾನ ‘ಮಾದರಿ’ ಎನಿಸಿಕೊಳ್ಳುತ್ತದೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ 2 ಕೆ.ಜಿ. ದಾಟಿದ ವಿಮಾನಕ್ಕೆ ನೋಂದಣಿ, ರಿಮೋಟ್ ಪೈಲಟ್ ಪ್ರಮಾಣಪತ್ರ, ಮೂರನೇ ವ್ಯಕ್ತಿ ವಿಮೆಯ ವಿಷಯಗಳನ್ನು ಕಟ್ಟುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಬಯಲು ಹಸಿರು ವಲಯದಲ್ಲಿದೆಯೇ ನೋಡಿ. ಅಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಜನರ ಮೇಲೆ, ರಸ್ತೆಯ ಮೇಲೆ ಎಂದೂ ಹಾರಿಸಬೇಡಿ. ನೋಡಲು ಬಂದ ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ. ತಿರುಗುವ ಪ್ರೊಪೆಲ್ಲರ್‌ನ ಮುಂದೆ ಯಾರೂ ಇರಬಾರದು.

ಒಬ್ಬರೇ ಹೊರಡಬೇಡಿ. ಮೊದಲು ಚಿಕ್ಕ ತರಬೇತಿ ಮಾದರಿಯಲ್ಲಿ ಕೈ ಪಳಗಿಸಿ, ದೊಡ್ಡದರ ಮೊದಲ ಹಾರಾಟಕ್ಕೆ ಅನುಭವಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜು ಹುಡುಗ ಹುಡುಗಿಯರು ನಾಲ್ಕೈದು ಜನ ಸೇರಿದರೆ ಒಂದು ವರ್ಷದಲ್ಲಿ ಕಾಲು ಅಳತೆಯ ಕೃಷಕ್ ಕಟ್ಟಬಹುದು. ಏರೋಡೈನಮಿಕ್ಸ್, ಮರಗೆಲಸ, ಎಲೆಕ್ಟ್ರಾನಿಕ್ಸ್ ಮೂರನ್ನೂ ಕೈಯಿಂದಲೇ ಕಲಿಸುವ ಇಂಥ ಪಾಠ ಬೇರೆ ಸಿಗದು. ಬೆಂಗಳೂರಿನ ಎಂಜಿನಿಯರುಗಳು ಅರವತ್ತು ವರ್ಷಕ್ಕೂ ಹಿಂದೆ ಕಟ್ಟಿದ ಈ ವಿಮಾನ ನಮ್ಮ ಮಕ್ಕಳ ಕೈಯಲ್ಲಿ ಮತ್ತೆ ಹಾರಬೇಕು. ಶಾಲೆ ಕಾಲೇಜುಗಳ ಮೇಷ್ಟರುಗಳು ಇದಕ್ಕೊಂದು ಕೊಠಡಿ, ಒಂದು ಉದ್ದನೆಯ ಮೇಜು ಕೊಟ್ಟರೆ ಉಳಿದದ್ದನ್ನು ಮಕ್ಕಳೇ ಮಾಡುತ್ತಾರೆ.