ದೂತ ಬಂದರೂ ತೆರೆಯದ ಬಾಗಿಲು

1922ರ ಜನವರಿ ತಿಂಗಳು. ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಸಿಹಿಮೂತ್ರರೋಗದಿಂದ ಎಲುಬಿನ ಗೂಡಾಗಿ ಮಲಗಿದ್ದನು. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸವನ್ನು 11ನೆಯ ತಾರೀಖು ಅವನಿಗೆ ಚುಚ್ಚಲಾಯಿತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಅದನ್ನು ಶುದ್ಧಿಗೊಳಿಸಿದ ಮೇಲೆ, 23ರಂದು ಮತ್ತೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಸಾವಿನ ಹೊಸ್ತಿಲಲ್ಲಿದ್ದ ಬಾಲಕ ಇನ್ನೂ 13 ವರ್ಷ ಬದುಕಿದನು.

ಆ ರಸವೇ ಇನ್ಸುಲಿನ್ ಎಂಬ ಹಾರ್ಮೋನು. ಕೊರತೆಯಿದ್ದಲ್ಲಿ ತುಂಬಿಕೊಟ್ಟರಾಯಿತು ಎಂದು ಯಾರಿಗಾದರೂ ತೋರುವುದು ಸಹಜವೇ. ಆದರೆ 1936ರಲ್ಲಿ ಲಂಡನ್ನಿನ ವೈದ್ಯ ಹಿಮ್ಸ್‌ವರ್ತ್ ಒಂದು ತೊಡಕನ್ನು ಮುಂದಿಟ್ಟರು: ಕೆಲವು ರೋಗಿಗಳ ಶರೀರ ಇನ್ಸುಲಿನ್ ಕೊಟ್ಟರೂ ಸರಿಯಾಗಿ ಓಗೊಡದು. 1960ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ ಮತ್ತು ಬರ್ಸನ್ ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ವಿಧಾನ ಕಂಡುಹಿಡಿದಾಗ ತೊಡಕು ಮತ್ತಷ್ಟು ಬಿಗಿಯಾಯಿತು. ನಡುವಯಸ್ಸಿನಲ್ಲಿ ಸಿಹಿಮೂತ್ರ ತಗುಲಿದ ಅನೇಕರಲ್ಲಿ ಇನ್ಸುಲಿನ್ ಕಡಿಮೆಯೇನೂ ಇರಲಿಲ್ಲ. ಕೆಲವರಲ್ಲಿ ಹೆಚ್ಚೇ ಇತ್ತು! ದೂತನು ಬಂದಿದ್ದಾನೆ, ಕೆಲಸ ಮಾತ್ರ ಆಗಿಲ್ಲ. ಹಾಗಾದರೆ ಎಡವಟ್ಟು ಎಲ್ಲಿ?

ಅದನ್ನು ಅರಿಯಲು ಜೀವಕೋಶದ ಬಳಿಗೇ ಹೋಗಬೇಕು. ಕೋಶವನ್ನು ಸುತ್ತಿರುವ ಜಿಡ್ಡಿನ ಪೊರೆ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳು. ಅದರಲ್ಲಿ ನಾನಾ ಬಗೆಯ ಪ್ರೋಟೀನುಗಳು ನಾಟಿಕೊಂಡಿವೆ. ಹಾರ್ಮೋನು ಜಂಗಮವಾದರೆ ಇವು ಸ್ಥಾವರ. ಹಾರ್ಮೋನು ಒಂದೆಡೆ ಹುಟ್ಟಿ, ರಕ್ತದೊಡನೆ ಹರಿದು, ದೂರದ ಅಂಗಕ್ಕೆ ಸುದ್ದಿ ಮುಟ್ಟಿಸಿ ಅಳಿಯುತ್ತದೆ; ರಕ್ತಕ್ಕಿಳಿದ ಇನ್ಸುಲಿನ್ನಿನಲ್ಲಿ ಅರ್ಧ ಭಾಗ ಐದಾರು ನಿಮಿಷಗಳಲ್ಲಿ ಮಾಯ. ಪೊರೆಯ ಪ್ರೋಟೀನಿಗೆ ಈ ಅಲೆದಾಟವಿಲ್ಲ. ಬಂದ ಸುದ್ದಿಯನ್ನು ಕೇಳುವುದು, ಬೇಕಾದುದನ್ನು ಒಳಗೆ ಬಿಡುವುದು, ಬೇಡವಾದುದನ್ನು ತಡೆಯುವುದು ಅದರ ಕಾಯಕ. ಹಾಗೆ ನೋಡಿದರೆ ಇನ್ಸುಲಿನ್ನೂ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನೇ. ಭೇದವಿರುವುದು ದ್ರವ್ಯದಲ್ಲಲ್ಲ, ಉದ್ಯೋಗದಲ್ಲಿ. (ಹಾರ್ಮೋನುಗಳೆಲ್ಲವೂ ಪ್ರೋಟೀನಲ್ಲ, ಕೊಲೆಸ್ಟರಾಲಿನಿಂದಾದ ಕೆಲವು ಪೊರೆಯನ್ನು ದಾಟಿ ಒಳಕ್ಕೇ ಹೋಗಬಲ್ಲವು.)

ಇನ್ಸುಲಿನ್ನಿಗೆ ಆ ಸೌಕರ್ಯವಿಲ್ಲ. ಅದು ಹೊರಗೇ ನಿಂತು, ಪೊರೆಯ ಎರಡು ಬದಿಗೂ ಚಾಚಿರುವ ಗ್ರಾಹಕವೆಂಬ ಪ್ರೋಟೀನನ್ನು ತಟ್ಟಬೇಕು. 1971ರ ಪ್ರಯೋಗಗಳು ಈ ಗ್ರಾಹಕದ ಇರವನ್ನು ತೋರಿಸಿಕೊಟ್ಟವು. ಹೊರತುದಿಗೆ ಇನ್ಸುಲಿನ್ ತಗುಲಿದೊಡನೆ ಒಳತುದಿ ಚುರುಕಾಗುತ್ತದೆ; ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ಆಗ ಸ್ನಾಯುಕೋಶದ ಒಳಗೆ ಅಡಗಿದ್ದ ಬೇರೊಂದು ಪ್ರೋಟೀನು ಪೊರೆಗೆ ಬಂದು ಸಕ್ಕರೆಗೆ ಬಾಗಿಲಾಗಿ ನಿಲ್ಲುತ್ತದೆ. ನಡುವಯಸ್ಸಿನ ಸಿಹಿಮೂತ್ರದಲ್ಲಿ ಬಹುಮಟ್ಟಿಗೆ ಕೆಡುವುದು ತಟ್ಟಿದ ಸದ್ದನ್ನು ಬಾಗಿಲವರೆಗೆ ಒಯ್ಯುವ ಈ ಒಳದಾರಿ. ಮೇದೋಜೀರಕ ಗ್ರಂಥಿ ಮೊದಮೊದಲು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸಲು ಹೆಣಗುತ್ತದೆ, ಕಡೆಗೆ ಬಸವಳಿಯುತ್ತದೆ. ಆಗ ಇಂಥವರಿಗೂ ಚುಚ್ಚುಮದ್ದು ಬೇಕಾಗಬಹುದು.

ಇದರಲ್ಲೊಂದು ಸ್ವಾರಸ್ಯವೂ ಇದೆ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯುವುದಿಲ್ಲ. ಸಕ್ಕರೆಯ ಬಾಗಿಲನ್ನು ಬೇರೊಂದು ಒಳದಾರಿಯಿಂದ ತಾನೇ ಪೊರೆಗೆ ತಂದುಕೊಳ್ಳುತ್ತದೆ. ಊಟವಾದ ಮೇಲೆ ಸ್ವಲ್ಪ ನಡೆದುಬನ್ನಿರೆಂದು ವೈದ್ಯರು ಈ ರೋಗಿಗಳಿಗೆ ಹೇಳುವುದಕ್ಕೆ ಇದೂ ಒಂದು ಕಾರಣ.