ವಿಎಂ ಎದ್ದೇಳೋಕೆ ಅರ್ಧ ಗಂಟೆ? ಹೋಸ್ಟ್‌ನ ಡಿಸ್ಕ್ ನೋಡಿ

ಗಚ್ಚಿಬೌಲಿ, ಮಾದಾಪುರ ಕಡೆ ಕೆಲಸ ಮಾಡೋ ನಮ್ಮವರು ಪದೇ ಪದೇ ಕೇಳೋದು: "ಹೋಸ್ಟ್‌ನಲ್ಲಿ ಸಿಪಿಯು, ರ‍್ಯಾಮ್ ಎರಡೂ ಖಾಲಿ. ಆದ್ರೂ ಹೊಸ ವಿಎಂಗೆ ಅರ್ಧ ಗಂಟೆ ಯಾಕೆ?"

ವಿಎಂ ಸೃಷ್ಟಿ ಅಂದ್ರೆ ಬಹುಪಾಲು ಟೆಂಪ್ಲೇಟ್ ಕಾಪಿ ಮಾಡೋ ಕೆಲಸ. 100 ಜಿಬಿ ಇಮೇಜನ್ನ ಸೆಕೆಂಡಿಗೆ 150 ಎಂಬಿಯಂತೆ ಬರೆದರೂ 11 ನಿಮಿಷ ದಾಟುತ್ತೆ, ಅದೂ ಬೇರೆ ಯಾರೂ ಆ ಡಿಸ್ಕ್ ಮುಟ್ಟದಿದ್ರೆ. 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತು ತಿರುಗೋಕೇ 4 ಮಿಲಿಸೆಕೆಂಡ್. ಹೆಡ್ ಸರಿಯೋ ಹೊತ್ತು ಬೇರೆ. ಹಾಗಾಗಿ ರ‍್ಯಾಂಡಮ್ ಓದು-ಬರಹ ಸೆಕೆಂಡಿಗೆ 100ರ ಆಸುಪಾಸು ಅಷ್ಟೇ. ಅದರ ಮೇಲೆ ಆಗಲೇ 20 ವಿಎಂ ಓಡ್ತಿದ್ರೆ? ಮೀಸೇವಾ ಕೌಂಟರ್ ಒಂದೇ, ಕ್ಯೂ ರಸ್ತೆವರೆಗೆ.

ವಿಎಂ ಒಳಗಲ್ಲ, ಹೋಸ್ಟ್‌ನಲ್ಲೇ ಐಯೋಸ್ಟ್ಯಾಟ್ ಓಡಿಸಿ. ಬರೆಯೋಕೆ ಕಾಯೋ ಹೊತ್ತು ನೂರಾರು ಮಿಲಿಸೆಕೆಂಡ್ ಇದ್ರೆ ಕಳ್ಳ ಸಿಕ್ಕ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಕಾಯೋ ಪ್ರೋಸೆಸ್‌ಗಳೂ ಲೋಡ್ ಆವರೇಜ್‌ನಲ್ಲಿ ಸೇರುತ್ತವೆ. ಸಿಪಿಯು ಖಾಲಿ, ಲೋಡ್ ಜಾಸ್ತಿ ಅನ್ನೋ ಒಗಟು ಅದೇ.

ನನ್ನ ಮೊದಲ ಅನುಮಾನ ಯಾವಾಗಲೂ ರೇಡ್ ಕಾರ್ಡಿನ ಬ್ಯಾಟರಿ ಮೇಲೆ. ಅದು ಸತ್ತರೆ ಕಾರ್ಡು ಸಾಮಾನ್ಯವಾಗಿ ಸದ್ದಿಲ್ಲದೆ ರೈಟ್-ಬ್ಯಾಕ್ ಬಿಟ್ಟು ರೈಟ್-ಥ್ರೂಗೆ ಇಳಿಯುತ್ತೆ. "ಬಲವಂತವಾಗಿ ರೈಟ್-ಬ್ಯಾಕ್ ಹಾಕು" ಅಂತ ಮ್ಯಾನೇಜರ್ ಅಂದ್ರೂ ಹಾಕಬೇಡಿ. ಕರೆಂಟ್ ಹೋದ್ರೆ ಕ್ಯಾಶ್‌ನಲ್ಲಿದ್ದ ಡೇಟಾನೂ ಹೋಯ್ತು, ಅದು ಯಾರದೋ ಡೇಟಾಬೇಸ್ ಆಗಿರಬಹುದು. ಬ್ಯಾಟರಿ ಸರಿಯಿದ್ರೆ ಸ್ಮಾರ್ಟ್ ವರದಿ ತೆಗೀರಿ: ಸಾಯ್ತಿರೋ ಒಂದು ಡಿಸ್ಕ್ ಇಡೀ ರೇಡನ್ನ ಎಳೆದು ನಿಲ್ಲಿಸುತ್ತೆ.

ಹೊಸ ಬಿಡಿಭಾಗ ಬರೋವರೆಗೆ ಪೂರ್ತಿ ಕಾಪಿ ಬದಲು ಲಿಂಕ್ಡ್ ಕ್ಲೋನ್ ಮಾಡಿ. ವಿಎಂ ಬೇಗ ಏಳುತ್ತೆ. ಒಳಗಿನ ಕೆಲಸ ಮಾತ್ರ ನಿಧಾನವೇ.